ಬೀಳುವ ಕನಸು, ಕಾಣುವ ಕನಸು, ಕಟ್ಟುವ ಕನಸು: ಕನಸಿನ ಚಿತ್ರಗಳನ್ನು ಕುರಿತ ನೋಡುಗರ ತೀರ್ಪು

ಕನ್ನಡದ ಆಡುಮಾತಿನಲ್ಲಿ ಕನಸಿಗೆ ಮುಖ್ಯವಾಗಿ ಮೂರು ಕ್ರಿಯಾಪದಗಳು ಬಳಕೆಯಲ್ಲಿವೆ. ಕನಸು ‘ಬೀಳುತ್ತದೆ’, ಕನಸನ್ನು ‘ಕಾಣುತ್ತಾರೆ’, ಕನಸನ್ನು ‘ಕಟ್ಟುತ್ತಾರೆ’. ‘ನನಗೆ ಕನಸು ಬಿತ್ತು’ ಎಂಬ ವಾಕ್ಯದಲ್ಲಿ ಕರ್ತೃವಿನ ಸ್ಥಾನದಲ್ಲಿರುವುದು ಕನಸು. ಮನುಷ್ಯ ಅದನ್ನು ಪಡೆಯುವವನು ಮಾತ್ರ. ‘ಕನಸು ಕಂಡೆ’ ಎಂದಾಗ ಮನುಷ್ಯ ನೋಡುಗನಾಗುತ್ತಾನೆ, ಕನಸು ನೋಟವಾಗುತ್ತದೆ. ‘ಕನಸು ಕಟ್ಟಿದ’ ಎಂದಾಗ ನಿದ್ರೆಯ ಹಂಗೇ ಇಲ್ಲ. ಅಲ್ಲಿರುವುದು ಎಚ್ಚರದಲ್ಲಿರುವವನ ಬಯಕೆ ಮತ್ತು ಕೌಶಲ. ಒಂದೇ ಅನುಭವಕ್ಕೆ ಸಲ್ಲುವ ಈ ಮೂರು ಕ್ರಿಯಾಪದಗಳು ಮೂರು ಬಗೆಯ ಲೋಕದೃಷ್ಟಿಯನ್ನು ಒಳಗೊಂಡಿವೆ. ಮೊದಲನೆಯದರಲ್ಲಿ ಕನಸು ಒಂದು ಅಪ್ಪಣೆ, ಎರಡನೆಯದರಲ್ಲಿ ಒಂದು ದೃಶ್ಯ, ಮೂರನೆಯದರಲ್ಲಿ ಒಂದು ನಿರ್ಮಿತಿ.

ಕನಸನ್ನೇ ವಸ್ತುವಾಗುಳ್ಳ ಚಲನಚಿತ್ರಗಳ ಬಗೆಗೆ ನೋಡುಗರು ಹೇಳುವ ಅಭಿಪ್ರಾಯಗಳನ್ನು ಸಾಮಾನ್ಯವಾಗಿ ಅಭಿರುಚಿಯ ಭೇದವೆಂದು ಬದಿಗಿರಿಸಲಾಗುತ್ತದೆ. ಒಬ್ಬರಿಗೆ ಹಿಡಿಸಿತು, ಮತ್ತೊಬ್ಬರಿಗೆ ಬೇಸರ ತಂದಿತು. ಅಲ್ಲಿಗೆ ಚರ್ಚೆ ಮುಗಿಯಿತು. ಆದರೆ ಈ ಅಭಿಪ್ರಾಯಗಳ ಆಳದಲ್ಲಿರುವುದು ಅಭಿರುಚಿಗಿಂತ ಹೆಚ್ಚಾಗಿ ಕನಸೆಂದರೇನು ಎಂಬ ಬಗ್ಗೆ ನೋಡುಗ ತನ್ನ ಸಮುದಾಯದಿಂದ ಪಡೆದುಕೊಂಡು ಬಂದ ತಿಳಿವಳಿಕೆ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಪಾದನೆ. ರಿಚರ್ಡ್ ಲಿಂಕ್ಲೇಟರ್ ನಿರ್ದೇಶಿಸಿದ ‘ವೇಕಿಂಗ್ ಲೈಫ್’ (೨೦೦೧) ಎಂಬ ತಾತ್ವಿಕ ಅನಿಮೇಷನ್ ಚಿತ್ರವನ್ನು ಹಾಗೂ ಕನ್ನಡದ ಎರಡು ಕನಸಿನ ಚಿತ್ರಗಳನ್ನು ಮುಂದಿಟ್ಟುಕೊಂಡು, ಮಧ್ಯಕರ್ನಾಟಕದ ಮೌಖಿಕ ಪರಂಪರೆಯ ಬೆಳಕಿನಲ್ಲಿ ಈ ಮಾತನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮಧ್ಯಕರ್ನಾಟಕವೆಂದಾಗ ಇಲ್ಲಿ ಗಮನದಲ್ಲಿರುವುದು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳು. ೧೯೯೭ರಲ್ಲಿ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ನ್ಯಾಮತಿ ಅನಂತರದಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಮೊದಲ ಮೂರು ತಾಲ್ಲೂಕುಗಳು ಮಲೆನಾಡಿನ ಸೆರಗಿನಲ್ಲಿ ತುಂಗಭದ್ರೆ, ಭದ್ರಾ ನಾಲೆ, ಸೂಳೆಕೆರೆಗಳ ನೀರನ್ನು ಕಂಡವು. ಅಲ್ಲಿ ಅಡಿಕೆ, ಭತ್ತಗಳ ಬೆಳೆ. ಜಗಳೂರು ಮಳೆಯನ್ನೇ ನಂಬಿದ, ಬರವನ್ನು ಮತ್ತೆ ಮತ್ತೆ ಉಂಡ ಬಯಲುಸೀಮೆ. ಅಲ್ಲಿ ಕುರಿ, ದನಗಳ ಸಂಸ್ಕೃತಿ. ಒಂದೇ ಜಿಲ್ಲೆಯೊಳಗಿನ ಈ ಎರಡು ಪ್ರಕೃತಿಗಳನ್ನು ಬೆಸೆದಿರುವುದು ಬಯಲಾಟ, ಭಜನೆ, ಸೋಬಾನೆ, ಕಥನಗೀತೆಗಳ ಮಾತಿನ ಲೋಕ. ಆ ಲೋಕದಲ್ಲಿ ಕನಸಿಗೆ ಒಂದು ಖಚಿತವಾದ ಸ್ಥಾನವಿದೆ.

೧. ‘ವೇಕಿಂಗ್ ಲೈಫ್’ ಮತ್ತು ಅದರ ನೋಡುಗರು

‘ವೇಕಿಂಗ್ ಲೈಫ್’ ಚಿತ್ರದ ಹಂದರ ಸರಳವಾದುದು. ಹೆಸರಿಲ್ಲದ ಯುವಕನೊಬ್ಬ ಒಬ್ಬರ ನಂತರ ಒಬ್ಬರಂತೆ ಹಲವರನ್ನು ಭೇಟಿಯಾಗುತ್ತಾನೆ. ಅವರು ಅವನೆದುರು ಇಚ್ಛಾಸ್ವಾತಂತ್ರ್ಯ, ಅಸ್ತಿತ್ವವಾದ, ಭಾಷೆಯ ಹುಟ್ಟು, ಸಾವು, ಪುನರ್ಜನ್ಮ, ಸಿನಿಮಾ, ಕನಸುಗಳ ಬಗೆಗೆ ಮಾತನಾಡುತ್ತಾರೆ. ಯುವಕ ಬಹುಪಾಲು ಕೇಳುತ್ತಾನೆ. ಮತ್ತೆ ಮತ್ತೆ ಎಚ್ಚರಗೊಂಡಂತಾಗುತ್ತದೆ. ಆದರೆ ಆ ಎಚ್ಚರವೂ ಕನಸಿನೊಳಗಿನದೇ ಎಂದು ತಿಳಿಯುತ್ತದೆ. ದೀಪದ ಗುಂಡಿ ಒತ್ತಿದರೆ ಬೆಳಕು ಬದಲಾಗದು, ಗಡಿಯಾರದ ಅಂಕಿಗಳು ಓದಿಸಿಕೊಳ್ಳವು. ಇವು ಕನಸಿನಲ್ಲಿರುವುದರ ಗುರುತುಗಳು. ಚಿತ್ರದ ಆರಂಭದಲ್ಲಿ ಬಾಲಕನೊಬ್ಬ ನೆಲ ಬಿಟ್ಟು ತೇಲುತ್ತಾ ಕಾರಿನ ಬಾಗಿಲ ಹಿಡಿಯನ್ನು ಹಿಡಿದುಕೊಳ್ಳುತ್ತಾನೆ. ಕೊನೆಯಲ್ಲಿ ಯುವಕ ಅದೇ ರೀತಿ ಹಿಡಿಗೆ ಕೈಚಾಚುತ್ತಾನೆ, ಅದು ಸಿಗುವುದಿಲ್ಲ, ಆಕಾಶದಲ್ಲಿ ಕರಗಿಹೋಗುತ್ತಾನೆ. ಅವನು ಸತ್ತನೇ, ಎದ್ದನೇ ಎಂಬುದನ್ನು ಚಿತ್ರ ಹೇಳುವುದಿಲ್ಲ.

ಚಿತ್ರದ ತಂತ್ರವೂ ಈ ವಸ್ತುವಿಗೆ ಹೊಂದುವಂಥದು. ನಿಜವಾದ ಜನರನ್ನು ಮೊದಲು ಡಿಜಿಟಲ್ ವಿಡಿಯೋದಲ್ಲಿ ಸೆರೆಹಿಡಿದು, ಅನಂತರ ಬಾಬ್ ಸಬಿಸ್ಟನ್ ರೂಪಿಸಿದ ಗಣಕತಂತ್ರದ ನೆರವಿನಿಂದ ಮೂವತ್ತರಷ್ಟು ಚಿತ್ರಕಾರರು ಆ ದೃಶ್ಯಗಳ ಮೇಲೆ ಗೆರೆ ಎಳೆದು ಬಣ್ಣ ತುಂಬಿದರು. ಒಬ್ಬೊಬ್ಬರ ಕೈಗೆ ಒಂದೊಂದು ಶೈಲಿ. ಆದ್ದರಿಂದ ದೃಶ್ಯದಿಂದ ದೃಶ್ಯಕ್ಕೆ ಮನುಷ್ಯರ ರೂಪ ಬದಲಾಗುತ್ತದೆ; ಗೋಡೆ, ಮೇಜು, ಮುಖಗಳು ನೀರಿನ ಮೇಲಿನ ನೆರಳಿನಂತೆ ತೊನೆಯುತ್ತಲೇ ಇರುತ್ತವೆ.

ಈ ಚಿತ್ರವನ್ನು ಕುರಿತ ಅಭಿಪ್ರಾಯಗಳನ್ನು ಮೂರು ಗುಂಪಾಗಿ ವಿಂಗಡಿಸಬಹುದು. ಮೊದಲನೆಯ ಗುಂಪಿನವರ ದೂರು, ಚಿತ್ರದಲ್ಲಿ ಏನೂ ನಡೆಯುವುದಿಲ್ಲ ಎಂಬುದು. ಕಥೆ ಎಲ್ಲಿಂದಲೋ ಹೊರಟು ಎಲ್ಲಿಗೂ ತಲುಪದು, ಕೊನೆ ಕೊನೆಯಂತಿಲ್ಲ ಎನ್ನುವವರು ಇವರು. ಎರಡನೆಯ ಗುಂಪು ಚಿತ್ರದ ನೋಟಕ್ಕೆ ಸ್ಪಂದಿಸುತ್ತದೆ. ತೊನೆಯುವ ಗೆರೆಗಳಲ್ಲಿ ಕನಸಿನ ನಿಜವಾದ ಚಹರೆಯನ್ನು ಕಂಡು ಬೆರಗಾದವರಿದ್ದಾರೆ. ಅದೇ ಗೆರೆಗಳಿಂದ ತಲೆಸುತ್ತು ಬಂದಿತೆಂದು ಎದ್ದುಹೋದವರೂ ಇದ್ದಾರೆ. ಮೂರನೆಯ ಗುಂಪಿನ ಗಮನವೆಲ್ಲ ಮಾತಿನ ಮೇಲೆ. ಅಮೆರಿಕದ ಪ್ರಸಿದ್ಧ ವಿಮರ್ಶಕ ರೋಜರ್ ಈಬರ್ಟ್ ಚಿತ್ರಕ್ಕೆ ನಾಲ್ಕು ನಕ್ಷತ್ರಗಳ ಪೂರ್ಣ ಮನ್ನಣೆ ನೀಡಿದ್ದಲ್ಲದೆ ಮುಂದೆ ತಾನು ಮಹತ್ತಿನವೆಂದು ಆರಿಸಿದ ಚಿತ್ರಗಳ ಸಾಲಿಗೂ ಅದನ್ನು ಸೇರಿಸಿದ. ಅದೇ ಮಾತುಗಳನ್ನು ಕಾಲೇಜು ವಿದ್ಯಾರ್ಥಿಗಳ ನಡುರಾತ್ರಿಯ ಹರಟೆಯೆಂದು, ಪಾಂಡಿತ್ಯದ ಸೋಗೆಂದು ತಳ್ಳಿಹಾಕಿದವರೂ ಕಡಿಮೆಯಿಲ್ಲ.

ಈ ಮೂರು ಗುಂಪುಗಳನ್ನು ಆರಂಭದಲ್ಲಿ ಹೇಳಿದ ಮೂರು ಕ್ರಿಯಾಪದಗಳ ಜೊತೆಗಿಟ್ಟು ನೋಡಿದರೆ ಸಂಬಂಧ ತಾನಾಗಿ ಗೋಚರಿಸುತ್ತದೆ. ‘ಏನಾಯಿತು’ ಎಂದು ಕೇಳುವ ನೋಡುಗನಿಗೆ ಕನಸು ಬೀಳುವಂಥದು. ಬಿದ್ದ ಕನಸಿಗೆ ಫಲವಿರಲೇಬೇಕು. ‘ಹೇಗೆ ಕಂಡಿತು’ ಎಂದು ಕೇಳುವವನಿಗೆ ಕನಸು ಕಾಣುವಂಥದು. ‘ಏನು ಹೇಳಿದರು, ಹೇಗೆ ಹೇಳಿದರು’ ಎಂದು ತೂಗುವವನಿಗೆ ಕನಸು ಕಟ್ಟುವಂಥದು. ಕಟ್ಟಿದ್ದರ ಗಟ್ಟಿತನವನ್ನು ಅವನು ಪರೀಕ್ಷಿಸುತ್ತಾನೆ. ಈ ಮೂರು ನೆಲೆಗಳನ್ನು ಒಂದೊಂದಾಗಿ ಜನಪದ ಪರಂಪರೆಯಲ್ಲಿ ಗುರುತಿಸುವುದು ಅಗತ್ಯ.

೨. ಬೀಳುವ ಕನಸು: ಹಗಲು ಮುಚ್ಚಿಟ್ಟದ್ದನ್ನು ಇರುಳು ಹೇಳುವುದು

ಗ್ರಾಮದೇವತೆಗಳು ನೆಲೆಗೊಂಡ ಐತಿಹ್ಯಗಳಲ್ಲಿ ಕನಸು ಒಂದು ಸ್ಥಿರವಾದ ಆಶಯ. ಹಸುವೊಂದು ಹುತ್ತಕ್ಕೆ ಹಾಲು ಕರೆಯುತ್ತದೆ, ದನಗಾಹಿ ಬೆರಗಾಗುತ್ತಾನೆ, ಅಂದಿನ ರಾತ್ರಿ ದೇವರು ಊರಿನ ಹಿರಿಯನ ಕನಸಿನಲ್ಲಿ ಬಂದು ತಾನಿರುವ ಜಾಗವನ್ನು ತಿಳಿಸಿ ಗುಡಿ ಕಟ್ಟಿಸೆಂದು ಹೇಳುತ್ತದೆ. ಜಗಳೂರಿನ ಕುರಿಹಟ್ಟಿಯಿಂದ ಹೊನ್ನಾಳಿಯ ಹೊಳೆಸಾಲಿನವರೆಗೆ ಎಲ್ಲಿಯೇ ಆದರೂ ಕೇಳುಗನಿಗೆ ಈ ಕಥನದ ನಡೆ ಹೊಸದೆನಿಸದು. ಇಲ್ಲಿ ಕನಸು ನಿಜವೋ ಸುಳ್ಳೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಏಳುವ ಪ್ರಶ್ನೆ ಒಂದೇ: ಅಪ್ಪಣೆ ನಡೆಯಿತೇ ಇಲ್ಲವೇ? ಬೆಳಗಿನ ಜಾವದ ಕನಸು ಬೇಗ ಫಲಿಸುತ್ತದೆಂಬ ನಂಬಿಕೆಯೂ ಇದೇ ತರ್ಕದ್ದು. ಕನಸು ಎಂಬುದು ಮುಟ್ಟಬೇಕಾದವರಿಗೆ ಮುಟ್ಟಬೇಕಾದ ಹೊತ್ತಿನಲ್ಲಿ ಮುಟ್ಟಬೇಕಾದ ಸುದ್ದಿ.

ಕನ್ನಡದ ಅತ್ಯಂತ ಪ್ರಸಿದ್ಧ ಕಥನಗೀತೆಯಾದ ‘ಕೆರೆಗೆ ಹಾರ’ದಲ್ಲಿ ಈ ಆಶಯ ತನ್ನ ಪೂರ್ಣ ಶಕ್ತಿಯಲ್ಲಿ ಕೆಲಸ ಮಾಡಿದೆ. ಕಟ್ಟಿಸಿದ ಕೆರೆಗೆ ನೀರು ಬಾರದಾಗ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡಲು ಮನೆಯವರು ನಿಶ್ಚಯಿಸುತ್ತಾರೆ. ಈ ಗೀತೆಯ ಬಗ್ಗೆ ಬಂದಿರುವ ವಿಮರ್ಶೆಗಳು ತ್ಯಾಗ, ಕ್ರೌರ್ಯ, ಪಿತೃಪ್ರಧಾನತೆಗಳ ಬಗೆಗೆ ಸಾಕಷ್ಟು ಮಾತನಾಡಿವೆ. ಅದರೊಳಗಿನ ಕನಸಿನ ಕೆಲಸವೇನೆಂಬುದು ಬೇರೆಯಾಗಿಯೇ ನೋಡಬೇಕಾದ ಸಂಗತಿ. ಎಚ್ಚರದಲ್ಲಿರುವ ಎಲ್ಲರ ನಡುವೆಯೂ ಸತ್ಯ ಮುಚ್ಚಿಹೋಗಿದೆ. ಮನೆಯ ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ. ಭಾಗೀರಥಿ ತವರಿಗೆ ಹೋದರೂ ಹೆತ್ತವರಿಗೆ ನಿಜವನ್ನು ಹೇಳಲಾರಳು. ಗೆಳತಿಯೊಬ್ಬಳಿಗೆ ಮಾತ್ರ ಹೇಳುತ್ತಾಳೆ. ದೂರದ ದಂಡಿನಲ್ಲಿರುವ ಗಂಡ ಮಾದೇವರಾಯನಿಗೆ ಯಾರೂ ಸುದ್ದಿ ಕಳಿಸುವುದಿಲ್ಲ. ಅವನಿಗೆ ಸುದ್ದಿ ಮುಟ್ಟಿಸುವುದು ಕನಸು: ಹೊದ್ದ ಬಟ್ಟೆ ಸುಟ್ಟಂತೆ, ಹಿಡಿದ ಕೋಲು ಮುರಿದಂತೆ, ಮನೆ ಕುಸಿದಂತೆ ಅವನು ಕಾಣುತ್ತಾನೆ. ಒಡನೆ ಕುದುರೆಯೇರಿ ಧಾವಿಸುತ್ತಾನೆ. ಊರಿಗೆ ಬಂದ ಮೇಲೂ ಹಗಲಿನ ಸುಳ್ಳು ಮುಂದುವರಿಯುತ್ತದೆ. ಹೆಂಡತಿ ತವರಿಗೆ ಹೋಗಿದ್ದಾಳೆ, ಗೆಳತಿಯ ಮನೆಗೆ ಹೋಗಿದ್ದಾಳೆ ಎಂಬ ಉತ್ತರಗಳೇ ಸಿಗುತ್ತವೆ. ಕೊನೆಗೆ ನಿಜ ತಿಳಿದಾಗ ಅವನಿಗೂ ಅದೇ ಕೆರೆಯೇ ಗತಿಯಾಗುತ್ತದೆ.

ಬಲಿ ತಪ್ಪೆಂದು ಗೀತೆಯಲ್ಲಿ ಯಾರೂ ವಾದಿಸುವುದಿಲ್ಲ. ವಾದಿಸುವ ಸ್ಥಾನದಲ್ಲಿ ಹಾಡುವ ಹೆಣ್ಣುಮಕ್ಕಳು ಇರಲಿಲ್ಲ. ಆದರೆ ಹಗಲಿನ ಜನ ಮುಚ್ಚಿಟ್ಟದ್ದನ್ನು ಕನಸಿನ ಬಾಯಲ್ಲಿ ಹೇಳಿಸುವ ಮೂಲಕ ಅವರು ತಮ್ಮ ತೀರ್ಪನ್ನು ದಾಖಲಿಸಿದ್ದಾರೆ. ಕನಸು ಇಲ್ಲಿ ಕಥೆಯ ಅಲಂಕಾರವಲ್ಲ, ಗೀತೆಯೊಳಗಿನ ವಿಮರ್ಶೆ.

ಚನ್ನಗಿರಿ ತಾಲ್ಲೂಕಿನ ಕೇಳುಗನಿಗೆ ಈ ಗೀತೆ ದೂರದ ಊರಿನದಾಗಿ ಉಳಿಯುವುದಿಲ್ಲ. ಅವನ ನೆರೆಯಲ್ಲೇ ಶಾಂತಿಸಾಗರವೆಂದೂ ಕರೆಯಲಾಗುವ ಸೂಳೆಕೆರೆ ಇದೆ. ಐತಿಹ್ಯದ ಪ್ರಕಾರ ಕೆರೆಯನ್ನು ಕಟ್ಟಿಸಿದವಳು ರಾಜಪುತ್ರಿ ಶಾಂತವ್ವೆ. ಅದಕ್ಕೆ ನೆಲ ಬಿಟ್ಟುಕೊಟ್ಟವರು ಸೂಳೆಯರು. ಕೆರೆ ತಮ್ಮ ಹೆಸರಿನಲ್ಲೇ ಉಳಿಯಬೇಕೆಂಬುದು ಅವರ ಷರತ್ತು. ದೊಡ್ಡ ಕೆರೆಯ ಹಿಂದೆ ಹೆಣ್ಣಿನ ಋಣವೊಂದಿರುತ್ತದೆಂಬ ತಿಳಿವಳಿಕೆ ಈ ಸೀಮೆಯ ನೀರಿನಲ್ಲೇ ಬೆರೆತಿದೆ. ಅಂಥ ಕೇಳುಗ ಕನಸಿನ ಕಥೆಯನ್ನು ಕೇಳುವಾಗ ಋಣ ತೀರಿತೇ ಎಂದು ಕೇಳುವುದು ಸಹಜ.

ಗಿರೀಶ್ ಕಾಸರವಳ್ಳಿಯವರ ‘ಕನಸೆಂಬ ಕುದುರೆಯನೇರಿ’ (೨೦೧೦) ಚಿತ್ರವನ್ನು ಈ ಪರಂಪರೆಯ ಮುಂದುವರಿಕೆಯಾಗಿ ನೋಡಬೇಕು. ಅಮರೇಶ ನುಗಡೋಣಿಯವರ ‘ಸವಾರಿ’ ಕಥೆಯನ್ನು ಆಧರಿಸಿದ ಈ ಚಿತ್ರದ ನಾಯಕ ಈರ್ಯ, ಕುಣಿ ತೋಡುವವನು. ಕನಸಿನಲ್ಲಿ ಸಿದ್ಧ ಕಾಣಿಸಿಕೊಂಡನೆಂದರೆ ಊರಿನಲ್ಲಿ ಸಾವಾಗಿದೆ ಎಂಬುದು ಅವನ ಖಚಿತವಾದ ನಂಬಿಕೆ. ಒಂದು ದಿನ ಸಿದ್ಧ ಬರುತ್ತಾನೆ. ಈರ್ಯ ಗೌಡರ ಮನೆಗೆ ಹೋಗುತ್ತಾನೆ. ಗೌಡರು ಸತ್ತಿದ್ದಾರೆ, ಆದರೆ ಮನೆಯವರು ತಮ್ಮ ಅನುಕೂಲಕ್ಕಾಗಿ ಸಾವನ್ನು ಮುಚ್ಚಿಟ್ಟು, ಅವರು ಬದುಕಿದ್ದಾರೆಂದು ಹೇಳಿ ಅವನನ್ನು ಕಳಿಸುತ್ತಾರೆ. ಈರ್ಯನಿಗೆ ಇದು ಬರಿಯ ನಿರಾಶೆಯಲ್ಲ. ಅವನ ಸಿದ್ಧನೇ ಸುಳ್ಳಾದ. ಅದೇ ಘಟನೆಗಳನ್ನು ಎರಡು ನೆಲೆಗಳಿಂದ ನಿರೂಪಿಸುವ ಚಿತ್ರ, ಕನಸು ನಿಜವಾಗಿದ್ದು ಎಚ್ಚರವೇ ಸುಳ್ಳಾಗಿತ್ತೆಂಬುದನ್ನು ನೋಡುಗನಿಗೆ ಮಾತ್ರ ತಿಳಿಸುತ್ತದೆ.

‘ಕೆರೆಗೆ ಹಾರ’ ಮತ್ತು ಈ ಚಿತ್ರ ಎರಡರ ಒಳರಚನೆಯೂ ಒಂದೇ. ಹಗಲಿನ ಲೋಕವನ್ನು ಅಧಿಕಾರವುಳ್ಳವರು ಸುಳ್ಳಾಗಿಸಿದ್ದಾರೆ. ಕನಸು ನಿಜವನ್ನು ಹೊರುತ್ತದೆ. ಕನಸು ಬಿದ್ದವನ ಮಾತು ನಡೆಯುವುದಿಲ್ಲ. ‘ವೇಕಿಂಗ್ ಲೈಫ್’ ಎತ್ತುವ ತಾತ್ವಿಕ ಪ್ರಶ್ನೆ, ಎಚ್ಚರ ನಿಜವೆಂದು ತಿಳಿಯುವುದು ಹೇಗೆ ಎಂಬುದು. ಈ ಪರಂಪರೆ ಎತ್ತುವ ಪ್ರಶ್ನೆ ಬೇರೆ: ಎಚ್ಚರವನ್ನು ಸುಳ್ಳು ಮಾಡಿದವರು ಯಾರು? ಮೊದಲನೆಯದು ಒಂಟಿ ಮನಸ್ಸಿನ ಪ್ರಶ್ನೆ, ಎರಡನೆಯದು ಊರಿನ ಪ್ರಶ್ನೆ. ಆದ್ದರಿಂದ ‘ಏನೂ ನಡೆಯುವುದಿಲ್ಲ’ ಎಂಬ ನೋಡುಗನ ದೂರನ್ನು ಅರಸಿಕತೆಯೆಂದು ತಳ್ಳಿಹಾಕಲಾಗದು. ಬಿದ್ದ ಕನಸು ಯಾರ ಮೇಲೂ ಯಾವ ಹೊಣೆಯನ್ನೂ ಹೊರಿಸದೆ ಆಕಾಶದಲ್ಲಿ ಕರಗಿದರೆ ಅದು ಅವನಿಗೆ ಅರ್ಧಕ್ಕೆ ನಿಂತ ಕಥೆಯಾಗಿ ತೋರುತ್ತದೆ.

೩. ಕಾಣುವ ಕನಸು: ಚಿತ್ರಲೇಖೆಯ ಗೆರೆ

ಕನಸನ್ನು ಚಿತ್ರವಾಗಿಸುವ ಆಸೆ ಹೊಸ ತಂತ್ರಜ್ಞಾನದಿಂದ ಹುಟ್ಟಿದ್ದಲ್ಲ. ಭಾಗವತದ ದಶಮಸ್ಕಂಧದಲ್ಲಿ ಬರುವ ಉಷೆಯ ಕಥೆ ಬಯಲಾಟ, ಯಕ್ಷಗಾನಗಳ ಮೂಲಕ ಜನರಿಗೆ ಚಿರಪರಿಚಿತ. ಬಾಣಾಸುರನ ಮಗಳು ಉಷೆ ಕನಸಿನಲ್ಲಿ ಹಿಂದೆಂದೂ ನೋಡದ ತರುಣನನ್ನು ಕಂಡು ಮೋಹಿತಳಾಗುತ್ತಾಳೆ. ಸಖಿ ಚಿತ್ರಲೇಖೆ ದೇವ, ಗಂಧರ್ವ, ಮಾನವರ ಚಿತ್ರಗಳನ್ನು ಒಂದರ ನಂತರ ಒಂದರಂತೆ ಬರೆದು ತೋರಿಸುತ್ತಾಳೆ. ಅನಿರುದ್ಧನ ಚಿತ್ರ ಬಂದಾಗ ಉಷೆ ನಾಚಿ ತಲೆತಗ್ಗಿಸುತ್ತಾಳೆ. ಸಾಲಾಗಿ ಸರಿದುಹೋಗುವ ಚಿತ್ರಗಳು, ಅವುಗಳ ಎದುರು ಕುಳಿತ ಒಬ್ಬ ನೋಡುಗಳು, ಗುರುತು ಹತ್ತಿದ ಕ್ಷಣದ ಮುಖಭಾವ: ಕನಸಿನ ಚಿತ್ರ ಮತ್ತು ನೋಡುಗರ ಅಭಿಪ್ರಾಯ ಎಂಬ ವಿಷಯಕ್ಕೆ ಇದಕ್ಕಿಂತ ಹಳೆಯ ಹಾಗೂ ಸಮರ್ಪಕವಾದ ರೂಪಕ ಸಿಗಲಾರದು. ಇಲ್ಲಿ ಚಿತ್ರದ ಬೆಲೆಯನ್ನು ನಿರ್ಧರಿಸುವುದು ಗೆರೆಯ ಸೊಗಸಲ್ಲ, ಕನಸು ಕಂಡವಳ ಗುರುತು. ಚಿತ್ರಲೇಖೆ ಎಷ್ಟೇ ಚೆನ್ನಾಗಿ ಬರೆಯಲಿ, ಉಷೆ ಹೌದೆನ್ನುವವರೆಗೆ ಅದು ಚಿತ್ರ ಮಾತ್ರ.

ಲಿಂಕ್ಲೇಟರನ ಚಿತ್ರಕಾರರು ಮಾಡಿದ್ದೂ ಒಂದರ್ಥದಲ್ಲಿ ಚಿತ್ರಲೇಖೆಯ ಕೆಲಸವೇ. ತೊನೆಯುವ ಗೆರೆಗಳನ್ನು ಕಂಡು, ತಮ್ಮ ಕನಸು ಹೀಗೆಯೇ ಇರುತ್ತದೆಂದು ಮೆಚ್ಚಿದ ನೋಡುಗರು ಉಷೆಯಂತೆ ಗುರುತು ಹಿಡಿದವರು. ತಲೆಸುತ್ತಿತೆಂದವರು ಗುರುತು ಸಿಗದವರು. ಇಬ್ಬರೂ ತಮ್ಮ ಸ್ವಂತ ಇರುಳನ್ನು ಸಾಕ್ಷಿಗೆ ಕರೆದಿದ್ದಾರೆ. ಬೇರೆ ವಸ್ತುವಿನ ಚಿತ್ರಕ್ಕೆ ಹೀಗೆ ಸಾಕ್ಷಿ ಹೇಳುವ ಹಕ್ಕು ಕೆಲವರಿಗಷ್ಟೇ ಇರುತ್ತದೆ. ಯುದ್ಧದ ಚಿತ್ರವನ್ನು ಸೈನಿಕ, ಕಡಲಿನ ಚಿತ್ರವನ್ನು ಮೀನುಗಾರ ಒರೆಗೆ ಹಚ್ಚಬಲ್ಲರು. ಕನಸಿನ ಚಿತ್ರವನ್ನು ಒರೆಗೆ ಹಚ್ಚಲು ಮಲಗಿ ಎದ್ದ ಎಲ್ಲರಿಗೂ ಅರ್ಹತೆಯಿದೆ.

ಚಲಿಸುವ ಬಣ್ಣದ ನೆರಳನ್ನು ನೋಡುವ ಅಭ್ಯಾಸವೂ ಕನ್ನಡದ ನೆಲಕ್ಕೆ ಹಳೆಯದು. ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತ ಸಮುದಾಯದವರ ತೊಗಲುಗೊಂಬೆಯಾಟದಲ್ಲಿ ಹದಗೊಳಿಸಿದ ತೊಗಲಿನ ಮೇಲೆ ರಂಧ್ರ ಕೊರೆದು, ಬಣ್ಣ ತುಂಬಿ, ದೀಪ ಮತ್ತು ಪರದೆಯ ನಡುವೆ ಗೊಂಬೆಗಳನ್ನು ಆಡಿಸಲಾಗುತ್ತದೆ. ಎಣ್ಣೆಯ ದೀಪ ಅಲುಗಿದಂತೆಲ್ಲ ಗೊಂಬೆ ಉಸಿರಾಡುವಂತೆ ತೋರುತ್ತಿತ್ತು. ಅಲ್ಲಿ ಗೆರೆ ನಿಲ್ಲದಿರುವುದೇ ಜೀವದ ಲಕ್ಷಣ. ಈ ಆಟದಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವೆಂದರೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು. ರಾಮಾಯಣ, ಮಹಾಭಾರತಗಳ ಗಂಭೀರ ಪ್ರಸಂಗದ ನಡುವೆ ಇವು ನುಗ್ಗಿ ಬಂದು, ನಡೆದದ್ದರ ಬಗ್ಗೆ ಜನರ ಮಾತಿನಲ್ಲಿ ಟೀಕೆ ಮಾಡುತ್ತವೆ. ದೊಡ್ಡಾಟ, ಮೂಡಲಪಾಯಗಳಲ್ಲಿ ಸಾರಥಿ ಮಾಡುವ ಕೆಲಸವೂ ಇಂಥದೇ. ಬಂದ ಪಾತ್ರವನ್ನು ನಿಲ್ಲಿಸಿ ನೀವು ಯಾರು, ಬಂದ ಕಾರಣವೇನು ಎಂದು ಅವನು ವಿಚಾರಿಸುತ್ತಾನೆ. ನೋಡುಗನ ಅಭಿಪ್ರಾಯ ಆಟ ಮುಗಿದ ಮೇಲೆ ಹುಟ್ಟುವುದಲ್ಲ. ಆಟದೊಳಗೇ ಅದಕ್ಕೊಂದು ಪಾತ್ರವಿದೆ.

‘ವೇಕಿಂಗ್ ಲೈಫ್’ನಲ್ಲಿ ಈ ಪಾತ್ರದ ಜಾಗ ಖಾಲಿಯಾಗಿದೆ. ಯುವಕ ಕೇಳುತ್ತಾನೆ, ಅಪರೂಪಕ್ಕೆ ಪ್ರಶ್ನಿಸುತ್ತಾನೆ. ಆದರೆ ಎದುರಿನವನ ಮಾತನ್ನು ನಗೆಯಿಂದ ನೆಲಕ್ಕಿಳಿಸುವ ಕಿಳ್ಳೇಕ್ಯಾತ ಅಲ್ಲಿಲ್ಲ. ಆ ಖಾಲಿ ಜಾಗವನ್ನು ಚಿತ್ರ ಬಿಡುಗಡೆಯಾದ ನಂತರ ನೋಡುಗರು ತುಂಬಿದ್ದಾರೆ. ಹರಟೆಯೆಂದು ಗೇಲಿ ಮಾಡಿದವರು, ನಿಜಕ್ಕೂ ಆಟಕ್ಕೆ ಬೇಕಾಗಿದ್ದ ಒಂದು ಗೊಂಬೆಯ ಮಾತನ್ನು ಆಡಿದ್ದಾರೆ.

೪. ಕಟ್ಟುವ ಕನಸು: ಮಾತಿನ ತೂಕ

ಮೂರನೆಯ ನೆಲೆಯಲ್ಲಿ ಕನಸು ಮನುಷ್ಯನ ನಿರ್ಮಿತಿ. ಇದರ ಅಪಾಯವನ್ನು ಕನ್ನಡ ಕಾವ್ಯ ಬಹುಹಿಂದೆಯೇ ಗುರುತಿಸಿದೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ (೧೨೦೯) ಯಶೋಧರ ತನ್ನ ಹೆಂಡತಿಯ ನಡತೆಯನ್ನು ಕಣ್ಣಾರೆ ಕಂಡದ್ದನ್ನು ತಾಯಿಗೆ ನೇರವಾಗಿ ಹೇಳಲಾರದೆ ಕನಸೆಂಬಂತೆ ಮರೆಮಾಚಿ ಹೇಳುತ್ತಾನೆ. ತಾಯಿ ಅದನ್ನು ದುಃಸ್ವಪ್ನವೆಂದೇ ನಂಬಿ ಶಾಂತಿಗಾಗಿ ಬಲಿಯನ್ನು ಸೂಚಿಸುತ್ತಾಳೆ. ಹಿಟ್ಟಿನ ಕೋಳಿಯ ಆ ಬಲಿ ಜನ್ಮಜನ್ಮಾಂತರದ ದುಃಖಕ್ಕೆ ಕಾರಣವಾಗುತ್ತದೆ. ಕಟ್ಟಿ ಹೇಳಿದ ಕನಸಿಗೂ ಬಿದ್ದ ಕನಸಿನಷ್ಟೇ ಫಲವುಂಟು ಎಂಬುದು ಇಲ್ಲಿನ ಕಾಣ್ಕೆ. ಮುಪ್ಪಿನ ಷಡಕ್ಷರಿಯ ‘ತಿರುಕನ ಕನಸು’ ಇದರ ಇನ್ನೊಂದು ಮುಖ. ಪಾಳು ಧರ್ಮಶಾಲೆಯಲ್ಲಿ ಮಲಗಿದ ತಿರುಕ ಕನಸಿನಲ್ಲಿ ಅರಸನಾಗಿ ಮೆರೆದು ಮತ್ತೆ ತಿರುಕನಾಗಿಯೇ ಕಣ್ತೆರೆಯುತ್ತಾನೆ. ಶಾಲೆಯ ಪಠ್ಯದ ಮೂಲಕ ಮನೆಮನೆಗೆ ತಲುಪಿದ ಈ ಪದ್ಯ ಕನಸಿನ ಗಂಟು ಎಂಬ ನುಡಿಗಟ್ಟಿಗೆ ಕಥೆಯ ರೂಪ ಕೊಟ್ಟಂತಿದೆ.

ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ (೨೦೧೩) ತಿರುಕನ ಕನಸನ್ನು ಚಿತ್ರಮಂದಿರಕ್ಕೆ ತಂದಿತು. ಕತ್ತಲಲ್ಲಿ ಬ್ಯಾಟರಿ ಬಿಟ್ಟು ಸೀಟು ತೋರಿಸುವ ನಿಕ್ಕಿ ನಿದ್ರೆ ಬಾರದೆ ಗುಳಿಗೆಯೊಂದನ್ನು ನುಂಗುತ್ತಾನೆ. ಕನಸಿನಲ್ಲಿ ಖ್ಯಾತ ನಟನಾಗುತ್ತಾನೆ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪುಬಿಳುಪಿನಲ್ಲಿ. ಕೊನೆಯಲ್ಲಿ ತಿರುವುಮುರುವಾಗಿ, ನಟನೇ ನಿಜ, ಸೀಟು ತೋರಿಸುವವನೇ ಅವನ ಕನಸು ಎಂದು ತಿಳಿಯುತ್ತದೆ. ಷಡಕ್ಷರಿಯ ತಿರುಕ ಅರಸುತನವನ್ನು ಕನಸಿದರೆ ಇಲ್ಲಿನ ಅರಸು ತಿರುಕನ ನೆಮ್ಮದಿಯನ್ನು ಕನಸುತ್ತಾನೆ. ಈ ಚಿತ್ರದ ವಿಶೇಷವೆಂದರೆ ನಿರ್ಮ್ರಾಪಕರು ಸಿಗದಿದ್ದಾಗ ಅದಕ್ಕೆ ಹಣ ಹೂಡಿದವರು ಸಾಮಾನ್ಯ ಪ್ರೇಕ್ಷಕರು. ೨೦೧೩ರ ಲಂಡನ್ ಭಾರತೀಯ ಚಲನಚಿತ್ರೋತ್ಸವದಲ್ಲಿ ಅದಕ್ಕೆ ಸಂದದ್ದೂ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿಯೇ. ನೋಡುಗರು ಇಲ್ಲಿ ಚಿತ್ರ ಬಂದ ಮೇಲೆ ಅಭಿಪ್ರಾಯ ಹೇಳಿದವರು ಮಾತ್ರವಲ್ಲ. ಬರುವ ಮುನ್ನವೇ ಕನಸನ್ನು ಕೂಡಿ ಕಟ್ಟಿದವರು.

ಕಟ್ಟಿದ ಕನಸಿನಲ್ಲಿ ಮಾತಿನ ತೂಕ ಮುಖ್ಯವಾಗುತ್ತದೆ. ‘ವೇಕಿಂಗ್ ಲೈಫ್’ನಲ್ಲಿ ಮಾತು ಅತಿಯಾಯಿತೆಂಬ ದೂರನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ರಾತ್ರಿಯಿಡೀ ನಡೆಯುವ ಬಯಲಾಟದ ಸಂವಾದ, ಏಕತಾರಿಯೊಡನೆ ಸಾಗುವ ತತ್ವಪದಗಳ ಭಜನೆ ಇವುಗಳಿಗೆ ಒಗ್ಗಿದ ಕೇಳುಗನಿಗೆ ಮಾತು ಹೆಚ್ಚಾಗುವುದೇ ದೋಷವಲ್ಲ. ಹೊನ್ನಾಳಿ, ನ್ಯಾಮತಿಗಳಿಗೆ ನೆರೆಯ ಶಿಕಾರಿಪುರ ತಾಲ್ಲೂಕು ಅಲ್ಲಮನ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿಗಳ ನೆಲ. ಅಲ್ಲಮನ ಬೆಡಗಿನ ಮಾತು ಸುಲಭಕ್ಕೆ ಬಿಟ್ಟುಕೊಡದು. ಆದರೂ ಶತಮಾನಗಳಿಂದ ಜನ ಅದನ್ನು ಹಾಡಿದ್ದಾರೆ. ಜಂಗಮನೊಬ್ಬ ತನ್ನ ಮನೆಗೆ ಬಂದ ಕನಸನ್ನು ಅಕ್ಕ ಗೆಳತಿಗೆ ಹೇಳುವ ವಚನದಲ್ಲಿ ಆಳವಾದ ಅನುಭಾವ ನಿಂತಿರುವುದು ಹೇಳುವಿಕೆಯ ಸರಳತೆಯಲ್ಲಿ, ಅಲ್ಲಿ ಕೇಳುವವಳೊಬ್ಬಳಿದ್ದಾಳೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜ್ಯವಾದುದು. ತನ್ನ ಭಕ್ತನಾಗೆಂದ ದೇವಿಯೊಡನೆ ಸೇವಾಲಾಲರು ವಾದಕ್ಕೆ ನಿಂತರೆಂಬುದು ಅವರ ಕಥನ ಪರಂಪರೆಯ ಮುಖ್ಯ ಘಟ್ಟ. ದೇವರು, ಮನುಷ್ಯ, ಹುಟ್ಟು, ಸಾವುಗಳ ಬಗೆಗಿನ ವಾದವನ್ನು ಗಂಟೆಗಟ್ಟಲೆ ಆಲಿಸುವ ಸಹನೆ ಈ ಸೀಮೆಗೆ ಹೊಸದಲ್ಲ.

ಹಾಗೆಂದು ಇಲ್ಲಿನ ಕೇಳುಗ ಎಲ್ಲ ಮಾತನ್ನೂ ಒಪ್ಪುವವನಲ್ಲ. ಆಟ ‘ಕಳೆಕಟ್ಟಿತು’, ಮಾತು ‘ತೂಕವಾಗಿತ್ತು’ ಎಂಬ ಮೆಚ್ಚುಗೆಯ ಜೊತೆಗೆ ಆಟ ‘ಏಳಲಿಲ್ಲ’, ಪಾತ್ರಧಾರಿ ‘ಗಿಳಿಪಾಠ ಒಪ್ಪಿಸಿದ’ ಎಂಬ ತಿರಸ್ಕಾರವೂ ಆಡುಮಾತಿನಲ್ಲಿ ಸಿದ್ಧವಾಗಿದೆ. ಅವನ ಅಳತೆಗೋಲು ಮಾತಿನ ಉದ್ದವಲ್ಲ. ಮಾತು ಆಡಿದವನ ಬಾಳಿನಿಂದ ಬಂದಿತೇ, ಎದುರಾಳಿಯನ್ನು ಮುಟ್ಟಿತೇ ಎಂಬುದು. ಈ ಅಳತೆಯಲ್ಲಿ ‘ವೇಕಿಂಗ್ ಲೈಫ್’ನ ಎಲ್ಲ ಪ್ರಸಂಗಗಳೂ ಒಂದೇ ತೂಕದವಲ್ಲ. ಉಪನ್ಯಾಸವಾಗಿ ಉಳಿದವು ಗಿಳಿಪಾಠದ ಸಾಲಿಗೆ ಸೇರುತ್ತವೆ. ಇಬ್ಬರು ಎದುರುಬದುರು ಕುಳಿತು, ಈ ಕ್ಷಣವನ್ನು ಪವಿತ್ರವೆಂದು ಕಾಣುವ ಪ್ರಯತ್ನದಲ್ಲಿ ಮಾತು ನಿಲ್ಲಿಸಿ ಒಬ್ಬರನ್ನೊಬ್ಬರು ನೋಡುವ ದೃಶ್ಯ ನಿಜಕ್ಕೂ ಕಳೆಕಟ್ಟುತ್ತದೆ. ಮಾತಿನ ಚಿತ್ರವೆಂದು ಹೆಸರಾದ ಈ ಕೃತಿಯ ಉತ್ತಮ ಗಳಿಗೆ ಮೌನದ್ದು.

೫. ಯಾರ ಕನಸು, ಯಾರ ತೀರ್ಪು

ಇಷ್ಟನ್ನು ಹೇಳಿ, ಜನಪದರ ಕನಸು ಮೇಲು, ಪಶ್ಚಿಮದ ಕನಸು ಕೀಳು ಎಂಬ ತೀರ್ಮಾನಕ್ಕೆ ಬಂದರೆ ಅದು ಜಾನಪದ ಅಧ್ಯಯನದ ಹಳೆಯ ದೌರ್ಬಲ್ಯಕ್ಕೆ ಮರಳಿದಂತಾಗುತ್ತದೆ. ಬೀಳುವ ಕನಸಿಗೆ ತನ್ನದೇ ಆದ ಅಧಿಕಾರ ರಾಜಕಾರಣವಿದೆ. ಹುತ್ತದ ದೇವರು ಊರಿನ ಹಿರಿಯನ ಕನಸಿಗೆ ಬಂದರೆ ಗುಡಿ ಏಳುತ್ತದೆ, ಪೂಜೆಯ ಹಕ್ಕು ಮನೆತನವೊಂದಕ್ಕೆ ಸೇರುತ್ತದೆ. ಸಿದ್ಧ ಈರ್ಯನ ಕನಸಿಗೆ ಬಂದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಕನಸು ಎಲ್ಲರಿಗೂ ಬೀಳುತ್ತದೆ. ನಂಬಿಕೆ ಎಲ್ಲರ ಕನಸಿಗೂ ಸಲ್ಲುವುದಿಲ್ಲ. ಈ ಅಸಮಾನತೆಯ ಎದುರು, ಯಾರ ಅಪ್ಪಣೆಯನ್ನೂ ಹೊರದೆ ಸುಮ್ಮನೆ ಕೇಳುತ್ತಾ ಸಾಗುವ ಹೆಸರಿಲ್ಲದ ಯುವಕನ ಕನಸಿಗೆ ಒಂದು ಬಗೆಯ ಬಿಡುಗಡೆಯಿದೆ. ಅಲ್ಲಿ ಪ್ರಾಧ್ಯಾಪಕನ ಮಾತಿಗೂ ಬೀದಿಯವನ ಮಾತಿಗೂ ಒಂದೇ ಪರದೆ. ಚಿತ್ರವನ್ನು ಮೆಚ್ಚಿದವರು ಆ ಬಿಡುಗಡೆಯನ್ನು ಗುರುತಿಸಿದ್ದಾರೆ. ಆ ಗುರುತನ್ನೂ ಗೌರವಿಸಬೇಕು.

ಇಲ್ಲಿಯ ಮುಖ್ಯ ಪ್ರಶ್ನೆ ಜಾನಪದ ಅಧ್ಯಯನದ ವಿಧಾನಕ್ಕೆ ಸಂಬಂಧಿಸಿದ್ದು. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ೧೯೬೬ರಲ್ಲೇ ‘ಮೌಖಿಕ ಸಾಹಿತ್ಯ ವಿಮರ್ಶೆ’ ಎಂಬ ಪರಿಕಲ್ಪನೆಯನ್ನು ಮಂಡಿಸಿ, ಪಠ್ಯವನ್ನಷ್ಟೇ ಸಂಗ್ರಹಿಸಿದರೆ ಸಾಲದು, ಆ ಪಠ್ಯದ ಅರ್ಥವೇನೆಂದು ಜನರನ್ನೇ ಕೇಳಬೇಕೆಂದು ಒತ್ತಾಯಿಸಿದ. ಕನ್ನಡದಲ್ಲಿ ಕಥನಗೀತೆ, ಐತಿಹ್ಯ, ಬಯಲಾಟದ ಪ್ರತಿಗಳು ದೊಡ್ಡ ಪ್ರಮಾಣದಲ್ಲಿ ಅಚ್ಚಾಗಿವೆ. ಅವುಗಳನ್ನು ಕೇಳಿದವರು ಏನೆಂದರು ಎಂಬುದಕ್ಕೆ ಅಷ್ಟೇ ಗಮನ ಸಂದಿಲ್ಲ. ಮಾದೇವರಾಯನ ಕನಸಿನ ಸಾಲು ಬಂದಾಗ ಬೀಸುವ ಕಲ್ಲಿನ ಮುಂದಿದ್ದ ಹೆಣ್ಣುಮಗಳು ಏನು ಹೇಳಿದಳು, ಉಷೆ ನಾಚಿದಾಗ ಬಯಲಿನಲ್ಲಿ ಕುಳಿತವರು ಹೇಗೆ ನಕ್ಕರು ಎಂಬುದು ಹಾಡಿನಷ್ಟೇ ಮುಖ್ಯವಾದ ದಾಖಲೆ.

ಇದಕ್ಕೆ ಸಮಯ ಹೆಚ್ಚಿಲ್ಲ. ತೊಗಲುಗೊಂಬೆಗೆ ಹೊಸ ವಸ್ತುಗಳನ್ನು ತಂದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ೨೦೨೩ರಲ್ಲಿ ತೀರಿಕೊಂಡರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಪದ್ಮಶ್ರೀ ಘೋಷಣೆಯಾಯಿತು. ಕಲಾವಿದರಿಗೆ ಮನ್ನಣೆ ತಡವಾಗಿಯಾದರೂ ಬರುತ್ತದೆ. ಅವರ ಆಟವನ್ನು ಬೆಳಗಿನವರೆಗೆ ನೋಡಿ, ಮನೆಗೆ ನಡೆಯುತ್ತಾ ತೀರ್ಪು ಹೇಳಿದ ತಲೆಮಾರಿಗೆ ಯಾವ ಪ್ರಶಸ್ತಿಯೂ ಇಲ್ಲ, ಯಾವ ಸಂಗ್ರಹಾಲಯವೂ ಇಲ್ಲ. ಗೊಂಬೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಕಾಪಾಡಬಹುದು. ನೋಡಿದವರ ಮಾತನ್ನು ಕೇಳಿ ಬರೆದುಕೊಳ್ಳದ ಹೊರತು ಕಾಪಾಡಲು ಬೇರೆ ದಾರಿಯಿಲ್ಲ.

ಒಟ್ಟಿನಲ್ಲಿ ಕನಸಿನ ಚಿತ್ರವನ್ನು ಕುರಿತ ಅಭಿಪ್ರಾಯವೆಂಬುದು ಚಿತ್ರದ ಹೊರಗಿನ ಸಂಗತಿಯಲ್ಲ. ಹೇಳಿದಾಗಲೇ ಕನಸು ಇನ್ನೊಬ್ಬರದಾಗುತ್ತದೆ. ಕೇಳಿದವರು ಏನಾದರೊಂದು ಹೇಳಿದಾಗಲೇ ಅದು ಪೂರ್ಣವಾಗುತ್ತದೆ. ಅಕ್ಕನಿಗೆ ಗೆಳತಿಯಿದ್ದಳು, ಉಷೆಗೆ ಚಿತ್ರಲೇಖೆಯಿದ್ದಳು. ಮಾದೇವರಾಯನಿಗೆ ಯಾರೂ ಇರಲಿಲ್ಲ. ಈರ್ಯನ ಮಾತನ್ನು ಯಾರೂ ಕೇಳಲಿಲ್ಲ. ಆಕಾಶಕ್ಕೆ ತೇಲಿಹೋದ ‘ವೇಕಿಂಗ್ ಲೈಫ್’ನ ಯುವಕನ ಕನಸಿಗೆ ಫಲ ಹೇಳಿದವರು ಅವನ ಕಥೆಯೊಳಗೆ ಇಲ್ಲ, ಮೆಚ್ಚಿ, ಬೇಸತ್ತು, ನಕ್ಕು, ವಾದಿಸಿದ ನೋಡುಗರೇ ಆ ಕೆಲಸ ಮಾಡಿದರು.